ನನ್ನ ಲೈಸನ್ಸ್ ಕೊಡುವ ಮಂಡಳಿಗೂ ಎಕ್ಸ್‌ಪೈರಿ ಡೇಟ್ ಇದೆ

ಎರಡು ವರ್ಷಕ್ಕೊಮ್ಮೆ ಲೈಸನ್ಸ್ ನವೀಕರಿಸುವಾಗ ನಾನು ಗೊಣಗೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಟೆಕ್ಸಾಸ್‌ನಲ್ಲಿ ಫಿಸಿಯೋಥೆರಪಿಸ್ಟ್ ನಾನು. ಇಲ್ಲಿ ಫಿಸಿಕಲ್ ಥೆರಪಿಸ್ಟ್ ಅಂತಾರೆ, ಕೆಲಸ ಅದೇ. ಪ್ರತಿ ಸಲ 30 ಯುನಿಟ್ ಹೊಸ ಕಲಿಕೆ ತೋರಿಸಬೇಕು, ಫೀಸು ಕಟ್ಟಬೇಕು. ಈ ಸಲ ಗೊಣಗುತ್ತಾ ಕೂತಿದ್ದಾಗ ಒಂದು ವಿಷಯ ನೆನಪಾಗಿ ನಗು ಬಂತು. ನನ್ನ ಲೈಸನ್ಸಿಗೆ ಕೊನೇ ದಿನ ಇರೋ ಹಾಗೆ, ಅದನ್ನು ಕೊಡುವವರಿಗೂ ಒಂದು ಕೊನೇ ದಿನ ಇದೆ. 2029ರ ಸೆಪ್ಟೆಂಬರ್ 1.

ತಮಾಷೆ ಅಲ್ಲ, ಕಾನೂನಿನಲ್ಲೇ ಹಾಗೆ ಬರೆದಿದೆ. ಟೆಕ್ಸಾಸ್‌ನಲ್ಲಿ 1977ರಿಂದ ಸನ್‌ಸೆಟ್ ಕಾಯ್ದೆ ಅಂತ ಒಂದಿದೆ. ಹೆಚ್ಚಿನ ಸರ್ಕಾರಿ ಮಂಡಳಿಗಳಿಗೆ ಸಾಮಾನ್ಯವಾಗಿ ಹನ್ನೆರಡು ವರ್ಷದ ಆಯಸ್ಸು. ಅಷ್ಟರೊಳಗೆ ಐದು ಸೆನೆಟರ್, ಐದು ಶಾಸಕರು, ಇಬ್ಬರು ಸಾಮಾನ್ಯ ನಾಗರಿಕರು ಇರುವ ಆಯೋಗ ಬಂದು ಕೂತು ಕೇಳುತ್ತದೆ: ನೀವು ಯಾಕೆ ಬೇಕು? ಉತ್ತರ ಸರಿಯಾಗಿದ್ದರೆ ಶಾಸನಸಭೆ ಹೊಸ ಮಸೂದೆ ಪಾಸು ಮಾಡಿ ಆಯಸ್ಸು ಹೆಚ್ಚಿಸುತ್ತದೆ. ಯಾರೂ ಏನೂ ಮಾಡದೆ ಸುಮ್ಮನಿದ್ದರೆ ಮಂಡಳಿ ತಾನಾಗಿ ಮುಚ್ಚಿಹೋಗುತ್ತದೆ. ನಮ್ಮ ಊರಲ್ಲಿ ಒಂದು ಸರ್ಕಾರಿ ಕಚೇರಿಯ ಬೋರ್ಡು ತೆಗೆಸೋಕೆ ಎಷ್ಟು ತಲೆಮಾರು ಬೇಕು ಅಂತ ಒಮ್ಮೆ ಯೋಚಿಸಿ. ಇಲ್ಲಿ ಉಲ್ಟಾ.

ಫಿಸಿಯೋಗಳಿಗೆ ಒಂದು ಮಂಡಳಿ, ಆಕ್ಯುಪೇಷನಲ್ ಥೆರಪಿಯವರಿಗೆ, ಅಂದರೆ ಓಟಿಗಳಿಗೆ, ಇನ್ನೊಂದು. (ನಾವು ಪೇಷೆಂಟುಗಳಿಗೆ ನಡೆಯೋದು ಕಲಿಸುತ್ತೇವೆ, ಅವರು ಅಂಗಿಯ ಗುಂಡಿ ಹಾಕಿಕೊಳ್ಳೋದು, ಚಮಚ ಹಿಡಿಯೋದು ಮತ್ತೆ ಕಲಿಸುತ್ತಾರೆ. ಇಷ್ಟು ಸರಳವಾಗಿ ಹೇಳಿದ್ದಕ್ಕೆ ನನ್ನ ಓಟಿ ಗೆಳತಿ ಕಾಮೆಂಟಿನಲ್ಲಿ ಬಂದು ಬೈತಾಳೆ, ಬೈಯಲಿ.) ಎರಡನ್ನೂ ನಡೆಸೋಕೆ 1993ರಲ್ಲಿ ಮೇಲೊಂದು ಕಾರ್ಯಕಾರಿ ಸಮಿತಿ ಮಾಡಿದರು. ಒಂದೊಂದು ಮಂಡಳಿಯಲ್ಲೂ ಒಂಬತ್ತು ಜನ. ಅದರಲ್ಲಿ ಮೂವರು ಈ ವೃತ್ತಿಗೆ ಸಂಬಂಧವೇ ಇಲ್ಲದ ಸಾಮಾನ್ಯ ಜನ. ಮೂವರು ಸಾಲದು ಅನ್ನೋದು ನನ್ನ ಅಭಿಪ್ರಾಯ. ಆದರೂ ಪೂರ್ತಿ ನಮ್ಮವರೇ ಕೂತು ನಮ್ಮವರ ತಪ್ಪು ವಿಚಾರಿಸೋದಕ್ಕಿಂತ ವಾಸಿ.

ಹೋದ ಸರದಿ ಬಂದಿದ್ದು 2017ರಲ್ಲಿ. ಆ ವರ್ಷ ನಮ್ಮ ಮಸೂದೆ ಸದ್ದಿಲ್ಲದೆ ಪಾಸಾಯಿತು. ಡಾಕ್ಟರುಗಳ ಮೆಡಿಕಲ್ ಬೋರ್ಡ್ ಮಾತ್ರ ಸಿಕ್ಕಿಹಾಕಿಕೊಂಡಿತು! ಟ್ರಾನ್ಸ್‌ಜೆಂಡರ್ ಜನ ಯಾವ ಶೌಚಾಲಯ ಬಳಸಬೇಕು ಅನ್ನೋ ಮಸೂದೆಯ ಮೇಲೆ ರಾಜಕಾರಣಿಗಳ ಜಗಳ ಜೋರಾಗಿತ್ತು. ಆ ಗಲಾಟೆಯಲ್ಲಿ ಮೆಡಿಕಲ್ ಬೋರ್ಡಿನ ಆಯಸ್ಸು ಹೆಚ್ಚಿಸುವ ಕೆಲಸ ನಿಂತೇಹೋಯಿತು. ಜೊತೆಗೆ ಮನಶ್ಶಾಸ್ತ್ರಜ್ಞರದ್ದು, ಸೋಷಿಯಲ್ ವರ್ಕರ್‌ಗಳದ್ದು ಸೇರಿ ಇನ್ನೂ ನಾಲ್ಕು ಮಂಡಳಿಗಳು. ಇಲ್ಲಿನ ಶಾಸನಸಭೆ ಎರಡು ವರ್ಷಕ್ಕೊಮ್ಮೆ 140 ದಿನ ಸೇರೋದು ಅಷ್ಟೇ. ಕೊನೆಗೆ ಜುಲೈನಲ್ಲಿ ಗವರ್ನರ್ ವಿಶೇಷ ಅಧಿವೇಶನ ಕರೆದ ಮೇಲೆ ಅವು ಉಳಿದವು. ಸನ್‌ಸೆಟ್ ಪದ್ಧತಿಯಲ್ಲಿ ನನಗೆ ಹಿಡಿಸದ ಭಾಗ ಇದೇ. ಕೆಲಸ ನೋಡಿ ಮಾರ್ಕು ಕೊಡಬೇಕಾದ ಪರೀಕ್ಷೆ, ಒಮ್ಮೊಮ್ಮೆ ಒತ್ತೆಯಾಳಿನ ಆಟ ಆಗಿಬಿಡುತ್ತದೆ.

ಲೈಸನ್ಸೇ ಬೇಡ ಅನ್ನುವವರೂ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮಾತನ್ನು ನಾನು ತೆಗೆದುಹಾಕಲ್ಲ. ಇದೇ ಟೆಕ್ಸಾಸ್‌ನಲ್ಲಿ 2015ರವರೆಗೆ ದುಡ್ಡಿಗೆ ಜಡೆ ಹೆಣೆಯೋಕೂ ಲೈಸನ್ಸ್ ಬೇಕಿತ್ತು. ಜಡೆಗೆ! ನಮ್ಮ ಅಜ್ಜಿ ಕೇಳಿದ್ದರೆ ಕೋಲು ತಗೊಂಡು ಬರುತ್ತಿದ್ದರು. ಅದನ್ನು ತೆಗೆದಿದ್ದು ಒಳ್ಳೇದೇ ಆಯಿತು. ಲೈಸನ್ಸ್ ಅನ್ನೋದು ಒಳಗಿರುವವರು ಹೊರಗಿನವರನ್ನು ತಡೆಯೋಕೆ ಹಾಕಿದ ಬೇಲಿ ಆಗೋದು ಉಂಟು. ಆ ಬೇಲಿ ದಾಟೋಕೆ ನಾನೂ ಒದ್ದಾಡಿದ್ದೇನೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಪಿಟಿ ಪದವಿಯ ಒಂದೊಂದು ಸಬ್ಜೆಕ್ಟನ್ನೂ ಇಲ್ಲಿನವರು ತೂಕ ಹಾಕಿ ನೋಡಿದರು. ಆಮೇಲೆ ಇಂಗ್ಲಿಷ್ ಪರೀಕ್ಷೆ, ರಾಷ್ಟ್ರಮಟ್ಟದ ಪರೀಕ್ಷೆ, ಅದರ ಮೇಲೆ ಟೆಕ್ಸಾಸ್ ಕಾನೂನಿನ ಪರೀಕ್ಷೆ. ಬೆರಳಚ್ಚೂ ಕೊಟ್ಟೆ. ಒಂದು ರಾತ್ರಿ ಎಲ್ಲಾ ಬಿಟ್ಟು ವಾಪಸ್ ಬರ್ತೀನಿ ಅಂತ ಅಮ್ಮನಿಗೆ ಫೋನಿನಲ್ಲಿ ಅತ್ತದ್ದೂ ಆಯಿತು.

ಇಷ್ಟಾದರೂ 2029ರಲ್ಲಿ ಈ ಮಂಡಳಿ ಉಳಿಯಲಿ ಅಂತ ನಾನು ಯಾಕೆ ಹೇಳ್ತೀನಿ ಅಂದರೆ, ಅಪ್ಪನ ಭುಜದಿಂದಾಗಿ.

ತುಮಕೂರಿನಲ್ಲಿ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಸೋತಿತ್ತು. ಮನೆಗೆ ಬಂದು ಎಕ್ಸರ್‌ಸೈಜ್ ಮಾಡಿಸುವ ಒಬ್ಬರನ್ನು ಯಾರೋ ಹೇಳಿದರು. ಬಿಳಿ ಕೋಟು, ಕೈಯಲ್ಲೊಂದು ಮೆಷಿನ್ನು. ಅವರು ಅಪ್ಪನ ಸೋತ ಕೈಯನ್ನೇ ಹಿಡಿದು ಎಳೆದು ಮಂಚದಿಂದ ಎಬ್ಬಿಸುತ್ತಿದ್ದರಂತೆ. ಈ ವೃತ್ತಿಯಲ್ಲಿ ಮೊದಲ ಪಾಠವೇ ಅದು: ಲಕ್ವ ಆದವರ ಕೈ ಎಳೀಬಾರದು. ಸುತ್ತಲಿನ ಸ್ನಾಯುಗಳಿಗೆ ಬಲ ಇಲ್ಲದಾಗ ಭುಜದ ಕೀಲು ಸಡಿಲವಾಗಿ ಜೋತು ಬಿದ್ದಿರುತ್ತದೆ. ಎಳೆದರೆ ಇನ್ನಷ್ಟು ಜಾರುತ್ತದೆ. ಮೂರು ವಾರ ಕಳೆದು ನಾನು ವಿಡಿಯೋ ಕಾಲಿನಲ್ಲಿ ನೋಡೋ ಹೊತ್ತಿಗೆ ಅಪ್ಪ ಆ ಮಗ್ಗುಲಿಗೆ ಮಲಗೋಕೇ ಆಗದೆ ರಾತ್ರಿ ಎಲ್ಲಾ ಕೂತಿರುತ್ತಿದ್ದರು. ಲೋಕದವರ ಭುಜ ರಿಪೇರಿ ಮಾಡುವ ಮಗಳು ಸಾವಿರಾರು ಮೈಲಿ ದೂರದಲ್ಲಿ.

ಆ ಮನುಷ್ಯ ಏನು ಓದಿದ್ದರು, ಓದಿದ್ದರೋ ಇಲ್ಲವೋ, ಇವತ್ತಿಗೂ ನಮಗೆ ತಿಳಿಯದು. ಆಗ ನೋಡೋಕೆ ಒಂದು ಪಟ್ಟಿ ಇರಲಿಲ್ಲ. ದೂರು ಕೊಡೋಕೆ ಒಂದು ಬಾಗಿಲಿರಲಿಲ್ಲ. ಇಲ್ಲಿ ನನ್ನ ಪೇಷೆಂಟು ಬೇಕಿದ್ದರೆ ಮಂಡಳಿಯ ವೆಬ್‌ಸೈಟಿಗೆ ಹೋಗಿ ನನ್ನ ಲೈಸನ್ಸ್ ಚಾಲ್ತಿಯಲ್ಲಿದೆಯಾ ಅಂತ ನೋಡಬಹುದು, ನನ್ನ ಮೇಲೆ ದೂರು ಹಾಕಬಹುದು. ಆ ಹೆದರಿಕೆ ನನಗಿದೆ, ಇರಲೂಬೇಕು. ಅದರಲ್ಲೂ 2019ರಿಂದ ಇಲ್ಲಿ ಜನ ಡಾಕ್ಟರ ಚೀಟಿ ಇಲ್ಲದೆಯೂ ಕೆಲವು ದಿನದ ಮಟ್ಟಿಗೆ ನೇರವಾಗಿ ನಮ್ಮ ಹತ್ತಿರ ಬರಬಹುದು. ಸ್ವಾತಂತ್ರ್ಯ ಜಾಸ್ತಿ ಕೇಳುವವರು ಕೇಳೋರಿಲ್ಲದೆ ಇರ್ತೀವಿ ಅಂದರೆ ಹೇಗೆ?

ನಮ್ಮ ಕಡೆಯೂ ಏನೂ ಆಗಿಲ್ಲ ಅಂತಲ್ಲ. ದೆಹಲಿ 1997ರಲ್ಲೇ ಫಿಸಿಯೋ ಮತ್ತು ಓಟಿಗಳಿಗೆ ಮಂಡಳಿಯ ಕಾನೂನು ಮಾಡಿತ್ತು. ಇಡೀ ದೇಶಕ್ಕೆ ಕಾನೂನು ಬಂದಿದ್ದು 2021ರಲ್ಲಿ. ಆರು ತಿಂಗಳಲ್ಲಿ ರಾಜ್ಯಗಳು ತಮ್ಮ ಮಂಡಳಿ ಮಾಡಬೇಕಿತ್ತು. ಎಷ್ಟೋ ರಾಜ್ಯಗಳು ಮಾಡಲಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಡಬೇಕಾಯಿತು. ಕರ್ನಾಟಕದಲ್ಲಿ ಈಗ ರಾಜ್ಯ ಮಂಡಳಿ ಇದೆ. ಆದರೆ ಇತ್ತೀಚೆಗೆ ಜಾಸ್ತಿ ಸದ್ದು ಮಾಡಿದ್ದು ಹೆಸರಿನ ಮುಂದೆ 'ಡಾ.' ಹಾಕಬಹುದಾ ಅನ್ನೋ ಜಗಳ. 2025ರ ಸೆಪ್ಟೆಂಬರ್‌ನಲ್ಲಿ ಹಾಕಬಾರದು ಅಂತ ಕೇಂದ್ರದಿಂದ ಪತ್ರ ಬಂತು, ಮಾರನೇ ದಿನವೇ ವಾಪಸ್ಸಾಯಿತು. ಹಾಕಿಕೊಳ್ಳಲಿ, ಬಿಡಲಿ. ನನಗೆ ಬೇಕಿರೋದು ಹೆಸರಿನ ಹಿಂದೆ ಒಂದು ನಂಬರು, ಅದನ್ನು ತುಮಕೂರಿನಲ್ಲಿ ಕೂತ ನಮ್ಮಮ್ಮ ಮೊಬೈಲಿನಲ್ಲೇ ನೋಡುವ ಹಾಗಿರಬೇಕು.

ಇಲ್ಲಿನ ಮಂಡಳಿಯ ಸರದಿ ಬಂದಾಗ ಆಯೋಗ ಜನರ ಅಭಿಪ್ರಾಯ ಕೇಳುತ್ತದೆ. ಅಪ್ಪನ ಭುಜದ ಕತೆಯನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸೋಣ ಅಂತಿದ್ದೀನಿ. ಇಂಥ ಕಡೆ ಬರೆಯುವವರೆಲ್ಲ ನಮ್ಮಂಥ ಥೆರಪಿಸ್ಟುಗಳೇ. ಪೇಷೆಂಟುಗಳ ಮನೆಯವರಾಗಿ ಬರೆಯುವವರು ಕಡಿಮೆ.

ಮೊನ್ನೆ ಅಪ್ಪನಿಗೆ ಹೊಸ ಫಿಸಿಯೋ ಗೊತ್ತು ಮಾಡಿದಾಗ, ಮೊದಲು ಅವರ ನೋಂದಣಿ ನಂಬರು ಕೇಳು ಅಂತ ಅಣ್ಣನಿಗೆ ಹೇಳಿದೆ.

"ಹಾಗೆಲ್ಲ ಕೇಳಿದ್ರೆ ಬೇಜಾರ್ ಮಾಡ್ಕೋತಾರೆ ಕಣೇ," ಅಂದ.