ಆಲ್ಟೊ ಸಾಲಿನಲ್ಲಿ ಆದಿತಾಳ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ ಸೇರೋಕೆ ಶಿಫಾರಸೂ ಬೇಡ, ಎಂಟ್ರೆನ್ಸೂ ಬೇಡ. ಹದಿನೆಂಟು ದಾಟಿದ್ದರೆ ಸಾಕು. ಇಲ್ಲಿನ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್ಟಿಗೆ, 46 ಡಾಲರ್ ಫೀಸು. ಹೊರಗೆ ಪಿಯಾನೊ ಪಾಠಕ್ಕೆ ಕೇಳಿ ನೋಡಿದ್ದೆ, ಒಂದು ಗಂಟೆಗೇ ಅದಕ್ಕಿಂತ ಜಾಸ್ತಿ ಹೇಳಿದ್ದರು. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಸಂಜೆಗಳು ಹೇಗೂ ಖಾಲಿ. ಪಾಶ್ಚಾತ್ಯ ಸಂಗೀತದ ಥಿಯರಿ, ಪಿಯಾನೊ, ಕಾಯರ್ ಅನ್ನೋ ಗುಂಪು ಗಾಯನ, ಮೂರಕ್ಕೂ ಹೆಸರು ಕೊಟ್ಟೆ.

ಮೈಸೂರಿನಲ್ಲಿರುವ ಅಮ್ಮ "ಈ ವಯಸ್ಸಲ್ಲಿ ಇದೇನೇ?" ಅಂತಾಳೆ ಅಂದುಕೊಂಡಿದ್ದೆ. ಅವಳು "ನಮ್ಮ ಜಯಚಾಮರಾಜ ಒಡೆಯರೇ ಪಿಯಾನೊ ನುಡಿಸ್ತಿರಲಿಲ್ವಾ? ಕಲಿ ಕಲಿ" ಅಂದುಬಿಟ್ಟಳು. ಮಾತು ನಿಜವೇ. ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ಮೆಡ್ನರ್‌ನ ಕೃತಿಗಳು 1940ರ ದಶಕದ ಕೊನೆಯಲ್ಲಿ ರೆಕಾರ್ಡ್ ಆಗಿದ್ದು ಅದೇ ಮಹಾರಾಜರ ದುಡ್ಡಿನಲ್ಲಿ. ಆದರೆ ಅವರನ್ನೂ ನನ್ನನ್ನೂ ಒಂದೇ ವಾಕ್ಯದಲ್ಲಿ ಕೂರಿಸೋ ಧೈರ್ಯ ಇರುವುದು ಅಮ್ಮನಿಗೆ ಮಾತ್ರ.

ಕ್ಲಾಸಿನಲ್ಲಿ ಒಂದು ಕಡೆ ಯೂನಿವರ್ಸಿಟಿಗೆ ಹೋಗಲು ತಯಾರಾಗುತ್ತಿರುವ ಹುಡುಗರು, ಇನ್ನೊಂದು ಕಡೆ ರಿಟೈರಾದವರು. ನಡುವೆ ನಾನು. ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯಬೇಕಂತೆ. ನಾಲಿಗೆ ಏಳಲಿಲ್ಲ. ಟರ್ಮ್ ಪೂರ್ತಿ "ಎಕ್ಸ್‌ಕ್ಯೂಸ್ ಮಿ"ಯಲ್ಲೇ ತಳ್ಳಿದೆ.

ಥಿಯರಿಯಲ್ಲಿ ಆರಂಭ ಜೋರಾಗಿಯೇ ಇತ್ತು. ಮೇಷ್ಟ್ರು ಮೇಜರ್ ಸ್ಕೇಲ್ ನುಡಿಸಿದರು. ನಮ್ಮ ಶಂಕರಾಭರಣ! ಹಾರ್ಮೋನಿಕ್ ಮೈನರ್ ನುಡಿಸಿದರು. ಕೀರವಾಣಿ! ನಮ್ಮಲ್ಲಿ ಇಂಥ ಮೇಳಕರ್ತ ಅನ್ನೋ ಮೂಲ ರಾಗಗಳೇ 72 ಇವೆ ಅಂತ ಹೇಳಿದೆ. ಇಡೀ ಕ್ಲಾಸು ತಿರುಗಿ ನೋಡಿತು. ಸೀರೆಯ ಸೆರಗಿದ್ದಿದ್ದರೆ ಸರಿ ಮಾಡಿಕೊಳ್ಳುತ್ತಿದ್ದೆ.

ಆಮೇಲೆ ಹೋಂವರ್ಕ್ ಬಂತು. ನಾಲ್ಕು ದನಿಗಳಿಗೆ ಸ್ವರ ಬರೆಯಬೇಕು, ಒಂದೊಂದೂ ತನ್ನ ದಾರಿಯಲ್ಲಿ ನಡೆಯಬೇಕು. ನಾನು ಎಲ್ಲಕ್ಕಿಂತ ಕೆಳಗಿನ ದನಿಯಾದ ಬಾಸ್‌ಗೆ ಸ ಕೊಟ್ಟೆ, ಅದರ ಮೇಲಿನ ಟೆನರ್‌ಗೆ ಪ ಕೊಟ್ಟೆ, ಇಬ್ಬರನ್ನೂ ಜೊತೆಜೊತೆಗೇ ಮೇಲೆ ಕೆಳಗೆ ಓಡಾಡಿಸಿದೆ. ಕಿವಿಗೆ ಎಷ್ಟು ಹಿತ! ವಾಪಸ್ ಬಂದಾಗ ಹಾಳೆ ತುಂಬ ಕೆಂಪು ಗೆರೆ. ಅದರ ಹೆಸರು ಪ್ಯಾರಲಲ್ ಫಿಫ್ತ್ಸ್ ಅಂತೆ, ಆ ಶೈಲಿಯಲ್ಲಿ ದೊಡ್ಡ ಅಪರಾಧವಂತೆ. ಹಾಗೆ ಜೋಡಿಯಾಗಿ ನಡೆದರೆ ಎರಡು ದನಿ ಬೆರೆತು ಒಂದೇ ಆಗಿಬಿಡುತ್ತವೆ ಅಂತ ಮೇಷ್ಟ್ರು ವಿವರಿಸಿದರು. ಬೆರೆಯಲಿ ಅಂತಲೇ ಅಲ್ವಾ ನಾವು ತಂಬೂರಿಯಲ್ಲಿ ಪ-ಸ ಮೀಟೋದು? ಕೇಳೋಣ ಅಂದರೆ ಮತ್ತೆ ಹೆಸರು ಹಿಡಿದು ಕರೆಯಬೇಕಲ್ಲ, ಸುಮ್ಮನಾದೆ.

ಪಿಯಾನೊ ಕ್ಲಾಸಿನ ವಿಷಯ ಜಾಸ್ತಿ ಇಲ್ಲ. ಎಲ್ಲರಿಗೂ ಎಲೆಕ್ಟ್ರಿಕ್ ಪಿಯಾನೊ, ಎಲ್ಲರ ಕಿವಿಗೂ ಹೆಡ್‌ಫೋನು. ಹೊರಗೆ ನಿಂತು ಕೇಳಿದರೆ ಟೈಪಿಂಗ್ ಇನ್‌ಸ್ಟಿಟ್ಯೂಟ್. ಟೀಚರ್ ತಮ್ಮ ಜಾಗದಿಂದಲೇ ಯಾರದ್ದು ಬೇಕಾದರೂ ಕೇಳಿಸಿಕೊಳ್ಳಬಹುದು. ಹಾಯಾಗಿ ಬಲಗೈಯಲ್ಲಿ ಸರಳೆ ವರಸೆ ನುಡಿಸುತ್ತಾ ಕೂತಿದ್ದರೆ ಕಿವಿಯೊಳಗೇ ಅಶರೀರವಾಣಿ: "ಎಡಗೈ ಎಲ್ಲಿ?"

ನಿಜವಾದ ಪಜೀತಿ ಕಾಯರ್‌ನಲ್ಲಿ. ನನ್ನನ್ನು ಆಲ್ಟೊ ಸಾಲಿಗೆ, ಅಂದರೆ ಹೆಂಗಸರಲ್ಲಿ ತಗ್ಗಿನ ದನಿಯವರ ಸಾಲಿಗೆ ಹಾಕಿದರು. ಅಲ್ಲಿ ಒಂದು ಸ್ವರ ಹಿಡಿದರೆ ಗೋಡೆಗೆ ಮೊಳೆ ಹೊಡೆದ ಹಾಗೆ ಅಲ್ಲಾಡದೆ ನಿಲ್ಲಬೇಕು. ನನ್ನ ಗಂಟಲು ಕೇಳಬೇಕಲ್ಲ? ಚಿಕ್ಕವಳಿದ್ದಾಗ ರಿಷಭವನ್ನು ನೆಟ್ಟಗೆ ಹಾಡಿದರೆ ಪಾಠದ ಟೀಚರ್ "ಏನಮ್ಮಾ, ಗಮಕ ಮನೇಲಿ ಬಿಟ್ಟು ಬಂದ್ಯಾ?" ಅಂತ ಗದರುತ್ತಿದ್ದರು. ಇಲ್ಲಿ ಉದ್ದನೆಯ ಸ್ವರ ಬಂದ ಕೂಡಲೇ ಅದು ತಾನಾಗಿ ತೂಗಾಡೋಕೆ ಶುರು. ಪಕ್ಕದಲ್ಲಿದ್ದ ರಿಟೈರ್ಡ್ ನರ್ಸ್ ಒಬ್ಬರು ನನ್ನನ್ನೇ ಕನಿಕರದಿಂದ ನೋಡಿದರು. ಆಮೇಲೆ ಸದ್ದಾಗದ ಹಾಗೆ ಬ್ಯಾಗಿನ ಜಿಪ್ ಎಳೆದು, ಕೆಮ್ಮಿನ ಪೆಪ್ಪರ್‌ಮೆಂಟು ತೆಗೆದು, ಸುತ್ತಿದ ಕಾಗದವನ್ನೂ ತಾವೇ ಬಿಡಿಸಿ ನನ್ನ ಕೈಗಿಟ್ಟರು. ಬೇಡ ಅನ್ನಲು ಆಗಲಿಲ್ಲ. ಅಲ್ಲಿಂದ ಮುಂದೆ ನಾನು ಗಮಕ ಹಾಕಿದಾಗಲೆಲ್ಲ ಒಂದು ಪೆಪ್ಪರ್‌ಮೆಂಟು ಬರುತ್ತಿತ್ತು. ಶುಂಠಿಯದ್ದು ಚೆನ್ನಾಗಿರುತ್ತಿತ್ತು.

ಕೈಯದ್ದು ಇನ್ನೊಂದು ಕಥೆ. ಕಂಡಕ್ಟರ್ ಕಡ್ಡಿ ಆಡಿಸಿ ನಾಲ್ಕು ಎಣಿಸಿದರೆ ನನ್ನ ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತೆ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಪೆಟ್ಟು, ಬೀಸು, ಪೆಟ್ಟು, ಬೀಸು. ಎಲ್ಲರೂ ಪಿಸುಮಾತಿನಷ್ಟು ಮೆಲ್ಲಗೆ ಹಾಡುವ ಜಾಗದಲ್ಲಿ ಜೀನ್ಸ್ ಮೇಲೆ ಬಿದ್ದ ಪೆಟ್ಟು ಹಿಂದಿನ ಗೋಡೆಗೂ ಕೇಳಿಸಿತು. ಕಂಡಕ್ಟರ್ ಹಾಡು ನಿಲ್ಲಿಸಿ ಡ್ರಮ್ಮಿನ ಹುಡುಗನನ್ನು ಹುಡುಕಿದರು. ಪಾಪ, ಅವನು ಅವತ್ತು ಬಂದೇ ಇರಲಿಲ್ಲ.

ಟರ್ಮ್ ಕೊನೆಯ ಕಚೇರಿಯಲ್ಲಿ ಅಮೆರಿಕದ ಒಂದು ದೇಶಭಕ್ತಿ ಗೀತೆಯೂ ಇತ್ತು. ಅದರ ಮಟ್ಟು ಬ್ರಿಟಿಷರ ರಾಷ್ಟ್ರಗೀತೆಯದ್ದೇ. ಅದೇ ಮಟ್ಟಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರ ಮಾಡಿದ್ದಾರೆ, ನಾನು ಎಂಟನೇ ವಯಸ್ಸಿಗೇ ಕಲಿತಿದ್ದೆ. ಹಾಗಾಗಿ ಮೊದಲ ಸಾಲಿನಲ್ಲಿ ಅಮೆರಿಕದ ಜೊತೆಗೆ ದೇವಿಯ ಸ್ತುತಿಯೂ ಸ್ವಲ್ಪ ಆಯಿತು. ಆಲ್ಟೊದವರ ಮಾತು ಯಾರಿಗೂ ಕೇಳಿಸೋದಿಲ್ಲ ಅನ್ನೋದೇ ಒಂದು ಸಮಾಧಾನ.

ನಮ್ಮನೆಯವರು ವಿಡಿಯೊ ಮಾಡಿ ಅಮ್ಮನಿಗೆ ಕಳಿಸಿದರು. ರಾತ್ರಿಯೇ ಫೋನ್ ಬಂತು.

"ನೋಡ್ದೆ ಕಣೇ. ಕರೀ ಡ್ರೆಸ್ಸು ಚೆನ್ನಾಗಿ ಒಪ್ಪುತ್ತೆ ನಿಂಗೆ."

"ಹಾಡು ಹೇಗಿತ್ತಮ್ಮಾ?"

"ಚೆನ್ನಾಗಿತ್ತು, ಚೆನ್ನಾಗಿತ್ತು. ಆದ್ರೆ ನಾಲ್ಕು ಸಾಲಿನೋರು ನಾಲ್ಕು ಥರ ಹಾಡ್ತಿದ್ರಲ್ಲ? ಪಾಪ, ಸ್ಟೇಜ್ ಹತ್ತುವ ಮುಂಚೆ ಒಂದ್ಸಲ ಎಲ್ರೂ ಒಟ್ಟಿಗೆ ಕೂತು ಯಾವ ಪಾಠಾಂತರ ಅಂತ ಮಾತಾಡ್ಕೊಂಡಿದ್ರೆ ಆಗ್ತಿತ್ತು."