ಜೋರಾಗಿ ಓದಪಾ ತಮ್ಮಾ, ಓಟಿಪಿ

ಗೋಲಗುಮ್ಮಟದಲ್ಲಿ ಒಂದು ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರುಗಡೆ ಕಿವಿಗೊಟ್ಟವರಿಗೆ ಕೇಳಿಸುತ್ತದೆ. ಅದಕ್ಕೆ ಟಿಕೆಟ್ ತೆಗೆಸಿ, ಏದುಸಿರು ಬಿಡುತ್ತಾ ಮೇಲಿನ ತನಕ ಹತ್ತಬೇಕು. ನಮ್ಮ ವಿಜಯಪುರದ ಆನ್‌ಲೈನ್ ಸೆಂಟರ್‌ಗಳಲ್ಲಿ ಊರವರ ಗುಟ್ಟೆಲ್ಲ ಪುಕ್ಕಟೆ, ಮೆಟ್ಟಿಲು ಹತ್ತುವ ತ್ರಾಸವೂ ಇಲ್ಲ.

ಮೊನ್ನೆ ಆಧಾರ್ ಪ್ರಿಂಟ್ ತೆಗೆಸಲು ಹೋಗಿದ್ದೆ. ನನ್ನ ಮುಂದೆ ಒಬ್ಬರು ಕಾಕಾ, ಮೊಮ್ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಬಂದವರು. 'ಓಟಿಪಿ ಬಂತೇನ್ರಿ ಕಾಕಾ?' ಅಂದ ಹುಡುಗ. ಕಾಕಾ ಚಸ್ಮಾ ಮನೆಯಲ್ಲಿ ಬಿಟ್ಟು ಬಂದಿದ್ದರು; ನಾನ್ಯಾರು, ಯಾವ ಊರವನು ಒಂದೂ ಕೇಳದೆ ಫೋನ್ ನನ್ನ ಕೈಗಿಟ್ಟು 'ಓದಪಾ ತಮ್ಮಾ, ಜೋರಾಗಿ ಓದು, ಪ್ರಿಂಟರ್ ಸಪ್ಪಳಕ್ಕ ಅಂವಗ ಕೇಳಂಗಿಲ್ಲ' ಅಂದರು. ಓದಿದೆ. ಆರು ಅಂಕಿ, ಆಮೇಲೆ 'ಇದನ್ನು ಯಾರಿಗೂ ಹೇಳಬೇಡಿ' ಅನ್ನುವ ಸಾಲನ್ನೂ ಅಷ್ಟೇ ಜೋರಾಗಿ. ಬದಿಯ ಮಿರ್ಚಿ ಅಂಗಡಿಯವನೂ ತಲೆಯಾಡಿಸಿದ. ಕಾಕಾರ ತಪ್ಪಲ್ಲ ಬಿಡಿ. ಹೇಳಬೇಡಿ ಅನ್ನುವವರೂ ಓಟಿಪಿ ಕಳಿಸಿದವರೇ, ಹೇಳದಿದ್ದರೆ ಅರ್ಜಿ ಮುಂದೆ ಹೋಗದಂತೆ ಮಾಡಿದವರೂ ಅವರೇ.

ನನ್ನ ಸರದಿ ಬಂತು. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಬೇರೆ ಇರುತ್ತದೆ, ಅಲ್ವಾ? ಇಂಗ್ಲಿಷಿನಲ್ಲಿ ಹೆಸರಿನ ಮೊದಲ 4 ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ನಮ್ಮ ಓಣಿಯಲ್ಲಿ ನರಪಿಳ್ಳೆಗೂ ಗೊತ್ತಿರದ ಗುಟ್ಟು! ನಾನು ಕೊಟ್ಟ ಹಳೇ ಝೆರಾಕ್ಸ್ ನೋಡಿ ಹುಡುಗ ತಾನೇ ಹೊಡೆದ. ಫೈಲ್ ಹೋಗಿ ಡೆಸ್ಕ್‌ಟಾಪ್ ಮೇಲೆ ಕೂತಿತು. ಅಲ್ಲಿ ಆಗಲೇ ಊರಿಗೂರೇ ಕೂತಿತ್ತು. ಹಿಂದಿದ್ದ ಸಿದ್ಧೇಶ್ವರ ಗುಡಿಯ ಫೋಟೊದಲ್ಲಿ ಕಳಸ ಮಾತ್ರ ಕಾಣುತ್ತಿತ್ತು.

ಸರ್ಕಾರ ಹೇಳಿಯೇ ಇಲ್ಲ ಅನ್ನಬೇಡಿ ಮತ್ತೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಝೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿದಾರು ಅಂತ ಎರಡೇ ದಿನಕ್ಕೆ ಅದನ್ನು ವಾಪಸ್ ತಗೊಂಡರು. ಮಾಮೂಲಿ ಜಾಗ್ರತೆ ಸಾಕು ಅಂದರು. ನಾವೂ ಮಾಮೂಲಿ ಜಾಗ್ರತೆ ತಗೊಂಡೆವು, ಲ್ಯಾಮಿನೇಷನ್ ಮಾಡಿಸಿದೆವು.

ಆ ಮಾಸ್ಕ್ಡ್ ಆಧಾರನ್ನು ಒಮ್ಮೆ ಲಾಡ್ಜ್ ಒಂದರಲ್ಲಿ ಕೊಟ್ಟು ನೋಡಿದೆ. ಕೌಂಟರಿನವನು ಬೆಳಕಿಗೆ ಹಿಡಿದು, ಬೆರಳಿನಿಂದ ಉಜ್ಜಿ, 'ನಂಬರ್ ಅಳಿಸಿ ಹೋಗೇತ್ರಿ ಸರ, ಚಲೋದು ಕೊಡ್ರಿ' ಅಂದ.

ಇರಲಿ, ದುಡ್ಡು ಕೊಟ್ಟು ಹೊರಡುವಾಗ ಹುಡುಗನಿಗೆ ಹೇಳಿದೆ: 'ನನ್ನ ಫೈಲ್ ಡಿಲೀಟ್ ಮಾಡಪಾ.'

'ಯಾಕ್ರಿ ಸರ, ಇರಲಿ ಬಿಡ್ರಿ. ಮುಂದಿನ ಸಲ ನೀವು ಬರೂದ ಬ್ಯಾಡ, ಯಾರ್ನರ ಕಳಸ್ರಿ, ಕೊಟ್ ಕಳಸ್ತೀನಿ.'