ವಿಮಾನ ನೋಡಲು ಮಾಳಿಗೆ ಏರುತ್ತೇವೆ, ಕಸ ಮಾತ್ರ ಬಯಲಿಗೆ

ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡ ಅಭ್ಯಾಸಕ್ಕೆ ಎದ್ದರೆ ಸಾಕು, ಬೀದರ್‌ನಲ್ಲಿ ಅರ್ಧ ಊರು ಮಾಳಿಗೆ ಮೇಲೆ. ಕೆಂಪು-ಬಿಳಿ ಹಾಕ್ ತರಬೇತಿ ಜೆಟ್‌ಗಳು ರೆಕ್ಕೆಗೆ ರೆಕ್ಕೆ ತಾಗುವ ಹಾಗೆ ತಿರುಗುತ್ತವೆ, ಮರುಕ್ಷಣವೇ ಸ್ಟೇಟಸ್ ತುಂಬ ‘ನಮ್ಮ ಬೀದರ್’. ಹೆಮ್ಮೆ ಇರಲಿ. ಆದರೆ ಅದೇ ರಾತ್ರಿ ಉಳಿದ ಬಿರಿಯಾನಿ, ಕೋಳಿ ಅಂಗಡಿಯ ತ್ಯಾಜ್ಯ ಎಲ್ಲ ಚೀಲದಲ್ಲಿ ಕಟ್ಟಿ ಖಾಲಿ ಸೈಟಿಗೆ ಎಸೆದು ವಿಮಾನಕ್ಕೆ ಅಡ್ಡ ಬರುವ ಹಕ್ಕಿಗಳನ್ನು ಕರೆಯುತ್ತೇವಲ್ಲ, ಅದರ ಬಗ್ಗೆ ಸ್ವಲ್ಪ ಮಾತಾಡೋಣ.

ಸೂರ್ಯಕಿರಣ್ ಅಂದರೆ 52ನೇ ಸ್ಕ್ವಾಡ್ರನ್. 1996ರಲ್ಲಿ ಕಿರಣ್ ವಿಮಾನಗಳಿಂದ ಶುರುವಾಯಿತು, 2011ರಲ್ಲಿ ನಿಂತಿತು, 2015ರಲ್ಲಿ ಹಾಕ್ ಏರಿ ವಾಪಸ್ ಬಂತು. ಜನಕ್ಕೆ ಕಾಣುವುದು ಇದೇ. ಆದರೆ ನಮ್ಮ ವಾಯುನೆಲೆಯ ದಿನನಿತ್ಯದ ಕೆಲಸ ಪಾಠ ಹೇಳುವುದು. ಫೈಟರ್ ಪೈಲಟ್ ಆಗುವ ಹುಡುಗ ಹುಡುಗಿಯರು ಆರಂಭದ ಹಂತಗಳನ್ನು ಮುಗಿಸಿ ಇಲ್ಲಿಗೆ ಬಂದು ಹಾಕ್ ಕಲಿಯುತ್ತಾರೆ. 2008ರಿಂದ ಹೀಗೇ ನಡೆದಿದೆ. ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ವಾಯುಪಡೆ ಸೇರಿದ ಮೇಲೆ ಹಾಕ್ ಕಲಿತದ್ದು ಇದೇ ಬೀದರ್‌ನಲ್ಲಿ.

ಹಾಕ್‌ನಲ್ಲಿ ಸೀಟು ಎರಡು, ಎಂಜಿನ್ ಒಂದೇ. ಜಾಗ್ವಾರ್ ಯುದ್ಧವಿಮಾನಕ್ಕಿರುವಂತೆ ಎರಡನೆಯ ಎಂಜಿನ್ ಇಲ್ಲ. ಏರುವಾಗಲೋ ಇಳಿಯುವಾಗಲೋ ಒಂದು ಹದ್ದು ಒಳಗೆ ಹೋದರೆ ಬ್ಲೇಡ್ ಮುರಿಯಬಹುದು, ಎಂಜಿನ್ ನಿಲ್ಲಬಹುದು. ಎತ್ತರ ಕಡಿಮೆ, ಯೋಚಿಸಲು ಸಮಯವೂ ಕಡಿಮೆ. ಸ್ಟಿಕ್ ಹಿಡಿದವರು ಇನ್ನೂ ಕಲಿಯುತ್ತಿರುವವರು. ಬಿಸಿಲೇರಿ ನೆಲ ಕಾದ ಮೇಲೆ ಹದ್ದುಗಳು ಕಸದ ರಾಶಿ ಮೇಲೆ ಸುತ್ತು ಹಾಕುತ್ತ ಮೇಲೇರುವುದನ್ನು ಯಾರು ನೋಡಿಲ್ಲ ಹೇಳಿ? ವಾಯುನೆಲೆಯ ಗೋಡೆಯ ಒಳಗೆ ವಾಯುಪಡೆಯವರು ಹಕ್ಕಿ ಓಡಿಸಬಹುದು. ಗೋಡೆಯ ಹೊರಗೆ ನಾವು ಊಟ ಬಡಿಸುತ್ತಿದ್ದರೆ ಅವರೇನು ಮಾಡಬೇಕು?

ಇದಕ್ಕೆ ಕಾನೂನು ಇಲ್ಲ ಅಂತಲ್ಲ. 1937ರ ವಿಮಾನ ನಿಯಮಗಳಲ್ಲಿ 91ನೇ ನಿಯಮ ಓದಿ. ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವ ಕಸ ಎಸೆಯುವಂತಿಲ್ಲ. ನಮ್ಮ ಊರು ಹೆಚ್ಚುಕಡಿಮೆ ಪೂರ್ತಿ ಅದರೊಳಗೇ ಬರುತ್ತದೆ. ಏರೋ ಇಂಡಿಯಾ ಬಂದಾಗ ಯಲಹಂಕದ ಸುತ್ತ ಮಾಂಸದಂಗಡಿ ಮುಚ್ಚಿಸಿದ ಸುದ್ದಿ ಓದುತ್ತೇವೆ, ಅಲ್ವಾ? ಅಲ್ಲಿ ಕೆಲವು ದಿನಗಳ ಪ್ರದರ್ಶನ. ಇಲ್ಲಿ ವರ್ಷವಿಡೀ ಹಾರಾಟ.

ಈಗ ಕೆಲವರು ಕಾಮೆಂಟಿನಲ್ಲಿ ಮಾಂಸದಂಗಡಿಯವರನ್ನೇ ಹಿಡಿದುಕೊಳ್ಳುತ್ತಾರೆ, ಗೊತ್ತು. ಸುಮ್ನೆ ಆ ಕಡೆ ಎಳೆಯಬೇಡಿ. ನಿಯಮದಲ್ಲಿ ಹೋಟೆಲ್ ಕಸದ ಹೆಸರೂ ಇದೆ. ಮದುವೆ ಸೀಸನ್‌ನಲ್ಲಿ ಫಂಕ್ಷನ್ ಹಾಲ್ ಹಿಂದೆ ಹೋಗಿ ನೋಡಿ, ಅನ್ನ, ಹೋಳಿಗೆ, ಪಲ್ಯ ಎಲ್ಲ ರಾಶಿ ಬಿದ್ದಿರುತ್ತದೆ. ಕಾಗೆ, ಹದ್ದು ಜಾತಿ ಕೇಳಿ ಬರುವುದಿಲ್ಲ. ಕೋಳಿ ಅಂಗಡಿಯವನಿಗೂ ದಿನಾ ಬಂದು ತ್ಯಾಜ್ಯ ಒಯ್ಯುವ ಗಾಡಿ ಬೇಕು. ಅದಿಲ್ಲದೆ ದಂಡ ಹಾಕಿದರೆ ಅವನು ಕತ್ತಲಾದ ಮೇಲೆ ಎಸೆಯುತ್ತಾನೆ, ಅಷ್ಟೇ.

2020ರ ಫೆಬ್ರವರಿಯಲ್ಲಿ ಬೆಂಗಳೂರು ವಿಮಾನ ಶುರುವಾದಾಗ ಎಷ್ಟು ಸಂಭ್ರಮ! ಅದು ನಿಂತಾಗ ಎಷ್ಟು ಗಲಾಟೆ! ಆ ಪ್ರಯಾಣಿಕ ವಿಮಾನಕ್ಕೂ ಇದೇ ವಾಯುನೆಲೆಯ ರನ್‌ವೇ. ಆದರೂ ಕಸದ ವಿಷಯ ಬಂದರೆ ಎಲ್ಲರೂ ಗಪ್‌ಚುಪ್.

ಮುಂದಿನ ಸಲ ಓಟು ಕೇಳಲು ಬಂದವರ ಹತ್ತಿರ ರಸ್ತೆ, ನೀರು ಕೇಳಿ ಆದ ಮೇಲೆ ಇದನ್ನೂ ಕೇಳಿ: ಫಂಕ್ಷನ್ ಹಾಲ್ ಊಟ, ಕೋಳಿ ಅಂಗಡಿ ತ್ಯಾಜ್ಯ ರಾತ್ರಿಯೇ ಎತ್ತುವ ಗಾಡಿ ಎಷ್ಟಿವೆ, ಅವು ಅದನ್ನು ಎಲ್ಲಿ ಸುರಿಯುತ್ತವೆ?